ಕಂಟ್ರಿ ಸಂಗೀತ: ಹಳೆಯದು ಕೇಳಬೇಕೋ, ಹೊಸದೋ?

ಅಮೆರಿಕದ ಹಳ್ಳಿಗಾಡಿನಿಂದ ಬಂದ ಕಂಟ್ರಿ ಸಂಗೀತ ಎಂದಾಕ್ಷಣ ನಮ್ಮಲ್ಲಿ ಬಹಳ ಮಂದಿಗೆ ನೆನಪಾಗುವುದು ಎರಡೇ. ಕಾಲೇಜು ಟ್ರಿಪ್‌ನ ಬಸ್ಸಿನಲ್ಲಿ ಎಲ್ಲರೂ ಸೇರಿ ಹಾಡುವ 'ಟೇಕ್ ಮಿ ಹೋಮ್, ಕಂಟ್ರಿ ರೋಡ್ಸ್', ಮತ್ತು ಮನೆಯ ಹಿರಿಯರ ಕ್ಯಾಸೆಟ್ ಡಬ್ಬಿಯಲ್ಲಿದ್ದ ಜಿಮ್ ರೀವ್ಸ್. ಆ ರುಚಿ ಹಿಡಿದು ಇವತ್ತು ಯಾವುದಾದರೂ ಆ್ಯಪ್‌ನಲ್ಲಿ 'ಕಂಟ್ರಿ' ಎಂದು ಹುಡುಕಿದರೆ ಎದುರಾಗುವುದು ಬೇರೆಯೇ ಲೋಕ: ಮಾರ್ಗನ್ ವಾಲೆನ್, ಲ್ಯೂಕ್ ಕೂಂಬ್ಸ್ ಎಂಬ ಈಗಿನ ಗಾಯಕರು, ಡ್ರಮ್ ಮಷಿನ್, ಅಲ್ಲಲ್ಲಿ ರ‍್ಯಾಪ್. ಡಲ್ಲಾಸ್, ಆಸ್ಟಿನ್ ಕಡೆ ಕೆಲಸಕ್ಕೆ ಹೋದ ನಮ್ಮವರಿಗೂ ಕಾರಿನ ರೇಡಿಯೊ ಹಾಕಿದ ಮೊದಲ ದಿನಗಳಲ್ಲಿ ಇದೇ ಗೊಂದಲ. ಇದೂ ಕಂಟ್ರಿಯೇ? ಹಾಗಾದರೆ ಎಲ್ಲಿಂದ ಶುರು ಮಾಡುವುದು, ಯಾವುದಕ್ಕೆ ಸಮಯ ಕೊಡುವುದು?

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಇಸವಿ ನೋಡಿ ಆರಿಸಬೇಡಿ. ಹಾಡು ಒಬ್ಬ ಮನುಷ್ಯನ ಕಥೆ ಹೇಳುತ್ತಿದೆಯೋ ಅಥವಾ ಬರೀ ಒಂದು ಹುಮ್ಮಸ್ಸು ಹುಟ್ಟಿಸಿ ಸುಮ್ಮನಾಗುತ್ತಿದೆಯೋ ಅದನ್ನು ನೋಡಿ. ಕಥೆ ಹೇಳುವ ಹಾಡು ಹಳೆಯ ಕಂಟ್ರಿಯಲ್ಲಿ ಕೈಗೆ ಬೇಗ ಸಿಗುತ್ತದೆ. ಹೊಸದರಲ್ಲೂ ಇದೆ, ಆದರೆ ರೇಡಿಯೊ ಮತ್ತು ಟಾಪ್ ಪಟ್ಟಿಗಳ ಆಚೆ ಹೋಗಿ ಹುಡುಕಬೇಕು. ಈ ಬರಹ ಆ ಹುಡುಕಾಟಕ್ಕೆ.

ಗೆರೆ ಎಲ್ಲಿ?

1927ರ ಬೇಸಿಗೆಯಲ್ಲಿ ಟೆನೆಸ್ಸಿ ಮತ್ತು ವರ್ಜೀನಿಯಾ ರಾಜ್ಯಗಳ ಗಡಿಯಲ್ಲಿರುವ ಬ್ರಿಸ್ಟಲ್ ಪಟ್ಟಣಕ್ಕೆ ರಾಲ್ಫ್ ಪೀರ್ ಎಂಬುವರು ವಿಕ್ಟರ್ ಕಂಪನಿಯ ಪರವಾಗಿ ರೆಕಾರ್ಡಿಂಗ್ ಯಂತ್ರ ತೆಗೆದುಕೊಂಡು ಬಂದರು. ಒಂದೇ ವಾರದಲ್ಲಿ ಎರಡು ದನಿಗಳು ಅಲ್ಲಿ ಮುದ್ರಣವಾದವು. ಒಂದು, ವರ್ಜೀನಿಯಾದ ಬೆಟ್ಟದ ಸೀಮೆಯ ಕಾರ್ಟರ್ ಕುಟುಂಬ. ಅವರ ಹಾಡಿನಲ್ಲಿ ಮನೆ, ತಾಯಿ, ಚರ್ಚು, ಸಾವು. ಇನ್ನೊಂದು, ರೈಲ್ವೆಯಲ್ಲಿ ದುಡಿದು ಬಂದ ಜಿಮ್ಮಿ ರಾಜರ್ಸ್. ಅವರ ಹಾಡಿನಲ್ಲಿ ರೈಲು, ಅಲೆದಾಟ, ಹೆಂಡ, ಜೈಲು. ಮನೆಯ ಹಂಬಲ ಒಂದು ಕಡೆ, ದಾರಿಯ ಸೆಳೆತ ಇನ್ನೊಂದು ಕಡೆ. ಮುಂದಿನ ಸುಮಾರು ನೂರು ವರ್ಷದ ಕಂಟ್ರಿ ಈ ಎರಡರ ನಡುವೆಯೇ ಓಡಾಡಿಕೊಂಡಿದೆ. ಕ್ಷಯ ತಗುಲಿದ್ದ ರಾಜರ್ಸ್ 1933ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಸಾಯುವ ಎರಡು ದಿನ ಮೊದಲೂ ಸ್ಟುಡಿಯೊದಲ್ಲಿದ್ದರು, ಒಂದು ಹಾಡಿಗೂ ಇನ್ನೊಂದಕ್ಕೂ ನಡುವೆ ಮಂಚದ ಮೇಲೆ ಮಲಗಿ ಸುಧಾರಿಸಿಕೊಳ್ಳುತ್ತಾ.

ಹಳೆಯದು ಎಲ್ಲಿ ಮುಗಿಯಿತು ಎಂಬುದಕ್ಕೆ ಒಬ್ಬೊಬ್ಬರು ಒಂದೊಂದು ಇಸವಿ ಹೇಳುತ್ತಾರೆ. ನಾನು 1991 ಎನ್ನುತ್ತೇನೆ, ಅದಕ್ಕೆ ಗಟ್ಟಿ ಕಾರಣವಿದೆ. ಅಲ್ಲಿಯವರೆಗೆ ಬಿಲ್‌ಬೋರ್ಡ್ ಪತ್ರಿಕೆಯ ಆಲ್ಬಂ ಪಟ್ಟಿ ನಿಂತಿದ್ದು ಅಂಗಡಿಯವರು ಹೇಳಿದ ಮಾತಿನ ಮೇಲೆ. ಆ ವರ್ಷ ಸೌಂಡ್‌ಸ್ಕ್ಯಾನ್ ಎಂಬ ವ್ಯವಸ್ಥೆ ಬಂದು ಬಿಲ್ಲಿಂಗ್ ಕೌಂಟರಿನಲ್ಲಿ ನಿಜವಾಗಿ ಮಾರಾಟವಾದ ಪ್ರತಿಗಳನ್ನು ಎಣಿಸತೊಡಗಿತು. ಕಂಟ್ರಿ ಆಲ್ಬಂಗಳು ಎಲ್ಲರೂ ಅಂದುಕೊಂಡಿದ್ದಕ್ಕಿಂತ ಎಷ್ಟೋ ಹೆಚ್ಚು ಮಾರುತ್ತಿವೆ ಎಂದು ಆಗ ಗೊತ್ತಾಯಿತು. ಅದೇ ವರ್ಷ ಗಾರ್ತ್ ಬ್ರೂಕ್ಸ್ ಅವರ 'ರೋಪಿನ್ ದ ವಿಂಡ್' ಬಿಡುಗಡೆಯಾಗುತ್ತಲೇ ಒಟ್ಟಾರೆ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿತು. ಕಂಟ್ರಿ ಆಲ್ಬಂ ಒಂದು ಹಾಗೆ ನೇರವಾಗಿ ತುದಿಗೆ ಹೋಗಿ ಕೂತದ್ದು ಅದೇ ಮೊದಲು. ಆಮೇಲೆ ಕಂಟ್ರಿ ಉದ್ಯಮದ ಕೇಂದ್ರವಾದ ನ್ಯಾಶ್‌ವಿಲ್ಲಿಗೆ ದೊಡ್ಡ ದುಡ್ಡು ಬಂತು, ದೊಡ್ಡ ಸ್ಟೇಡಿಯಂಗಳು ಬಂದವು. ಹಾಡುಗಳ ಅಳತೆಯೂ ಅವಕ್ಕೆ ತಕ್ಕಂತೆ ಬದಲಾಯಿತು.

ಒಂದೇ ಹಾಡು, ಎರಡು ಕಂಠ

ವ್ಯತ್ಯಾಸವನ್ನು ಮಾತಿನಲ್ಲಿ ವಿವರಿಸುವುದಕ್ಕಿಂತ ಒಂದು ಹಾಡನ್ನು ಎರಡು ಸಲ ಕೇಳುವುದು ಮೇಲು. 'ಟೆನೆಸ್ಸಿ ವಿಸ್ಕಿ' ಅದಕ್ಕೆ ಹೇಳಿ ಮಾಡಿಸಿದಂತಿದೆ. ಡೀನ್ ಡಿಲನ್ ಮತ್ತು ಲಿಂಡಾ ಹಾರ್ಗ್ರೋವ್ ಬರೆದದ್ದು. ಕುಡಿತದಲ್ಲಿ ಮುಳುಗಿದ್ದವನೊಬ್ಬ ತನ್ನನ್ನು ಮೇಲೆತ್ತಿದ ಹೆಣ್ಣನ್ನು ಆ ಮದ್ಯಕ್ಕೇ ಹೋಲಿಸಿ ಹಾಡುವ ಹಾಡು. 1981ರಲ್ಲಿ ಡೇವಿಡ್ ಆ್ಯಲನ್ ಕೋ ಹಾಡಿದರು, 1983ರಲ್ಲಿ ಜಾರ್ಜ್ ಜೋನ್ಸ್, 2015ರಲ್ಲಿ ಕ್ರಿಸ್ ಸ್ಟೇಪಲ್ಟನ್.

ಜೋನ್ಸ್ ಅವರದನ್ನು ಮೊದಲು ಹಾಕಿ. ಮೂರು ನಿಮಿಷದ ಆಸುಪಾಸಿನಲ್ಲಿ ಮುಗಿದುಹೋಗುತ್ತದೆ. ಹಲ್ಲು ಬಿಗಿಹಿಡಿದು ಹಾಡಿದಂಥ ದನಿ. ಸ್ವರವನ್ನು ನೇರವಾಗಿ ಮುಟ್ಟುವುದಿಲ್ಲ, ಕೆಳಗಿನಿಂದ ಜಾರಿಕೊಂಡು ಬಂದು ಸೇರುತ್ತಾರೆ. ಸಾಲಿನ ಕೊನೆಯಲ್ಲಿ ಸಣ್ಣದೊಂದು ಕೊಂಕು ಕೊಟ್ಟು ಬಿಟ್ಟುಬಿಡುತ್ತಾರೆ. ಜೋನ್ಸ್ ಕುಡಿತದಿಂದ ಎಷ್ಟು ನೊಂದವರು, ಎಷ್ಟು ಕಾರ್ಯಕ್ರಮಗಳಿಗೆ ಬಾರದೆ ಹೆಸರು ಕೆಡಿಸಿಕೊಂಡವರು ಎಂಬುದು ಆಗಿನ ಕೇಳುಗರಿಗೆ ಗೊತ್ತಿದ್ದ ಸಂಗತಿ. ಹಾಗಾಗಿ ಅವರು ಏನನ್ನೂ ಎತ್ತಿ ಹೇಳಬೇಕಾಗಿರಲಿಲ್ಲ.

ಈಗ ಸ್ಟೇಪಲ್ಟನ್. ಹೆಚ್ಚುಕಡಿಮೆ ಐದು ನಿಮಿಷ. ಮುಖ್ಯವಾಗಿ ಎರಡೇ ಕಾರ್ಡುಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಮೇಲೆ ನಿಧಾನವಾಗಿ ತೂಗುವ ಲಯ, ಕರಿಯರ ಸೋಲ್ ಸಂಗೀತದಿಂದ ನೇರವಾಗಿ ಬಂದದ್ದು. ಮೊದಲ ಸಾಲಿನ ಕೊನೆಯ ಪದದ ಮೇಲೇ ಅವರು ಉದ್ದನೆಯ ಬಿರ್ಕಾ ಹಾಕುತ್ತಾರೆ. ಸಂಗೀತ ಕಛೇರಿ ಕೇಳಿ ಬಲ್ಲವರು ಅಲ್ಲೇ ತಲೆ ಎತ್ತುತ್ತಾರೆ. ಎದೆಯಿಂದ ಹೊರಟ ಒರಟು ಗಂಟಲು, ಪಕ್ಕದಲ್ಲಿ ಹೆಂಡತಿ ಮಾರ್ಗೇನ್ ಅವರ ಮೆಲುದನಿ. ಇಲ್ಲಿ ಕಥೆ ಹಿಂದೆ ಸರಿದು ದನಿಯೇ ಮುಂದೆ ಬರುತ್ತದೆ.

ನನಗೆ ಎರಡೂ ಬೇಕು. ಆದರೆ ಯಾವುದು ನಿಮ್ಮನ್ನು ಮೊದಲು ಹಿಡಿಯಿತು ಎಂಬುದನ್ನು ಗಮನಿಸಿಕೊಳ್ಳಿ. ಜೋನ್ಸ್ ಹಿಡಿದರೆ ನೀವು ಹಳೆಯದರ ಕಡೆಯಿಂದ ಬನ್ನಿ. ಸ್ಟೇಪಲ್ಟನ್ ಹಿಡಿದರೆ ಹೊಸದರಿಂದ ಶುರು ಮಾಡಿ ಹಿಂದಕ್ಕೆ ಹೋಗಿ.

ಹಳೆಯದರಲ್ಲಿ ಏನಿದೆ

ಮೊದಲು ನಾದ. ಫಿಡಲ್, ಬ್ಯಾಂಜೊ, ಅಕೌಸ್ಟಿಕ್ ಗಿಟಾರ್, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಸ್ಟೀಲ್ ಗಿಟಾರ್. ಆ ಅಳುವಂಥ, ಒಂದು ಸ್ವರದಿಂದ ಇನ್ನೊಂದಕ್ಕೆ ಎಲ್ಲೂ ಕಡಿಯದೆ ಜಾರುವ ದನಿ ನಮಗೆ ಹೊಸದಲ್ಲ. ಹವಾಯಿ ದ್ವೀಪಗಳಲ್ಲಿ ಹುಟ್ಟಿದ ಆ ವಾದ್ಯ ಅಮೆರಿಕದ ದಕ್ಷಿಣಕ್ಕೂ ಹೋಯಿತು, ನಮ್ಮ ದೇಶಕ್ಕೂ ಬಂತು. ನಮ್ಮ ಆರ್ಕೆಸ್ಟ್ರಾಗಳಲ್ಲಿ ಸಿನಿಮಾ ಹಾಡು ನುಡಿಸುತ್ತಿದ್ದ ಹವಾಯಿಯನ್ ಗಿಟಾರ್ ಅದೇ. ವಿಶ್ವಮೋಹನ ಭಟ್ಟರ ಮೋಹನವೀಣೆಯೂ ಅದೇ ವಂಶದ್ದು. ಮೀಂಡ್ ಕೇಳಿ ಪಳಗಿದ ಕಿವಿಗೆ ಹಳೆಯ ಕಂಟ್ರಿ ಬೇಗ ಒಲಿಯುವುದಕ್ಕೆ ಇದೂ ಒಂದು ಕಾರಣ ಎಂದು ನನ್ನ ನಂಬಿಕೆ.

ಆಮೇಲೆ ಸಾಹಿತ್ಯ. ಒಂದು ಒಳ್ಳೆಯ ಹಾಡಿಗೆ ಮೂರು ಕಾರ್ಡು ಮತ್ತು ಸತ್ಯ ಸಾಕು ಎಂಬ ಮಾತು ಹಾಡು ಬರೆಯುವ ಕಸುಬುದಾರ ಹಾರ್ಲನ್ ಹೋವರ್ಡ್ ಅವರ ಹೆಸರಿನಲ್ಲಿ ಓಡಾಡುತ್ತದೆ. ಅದು ಹೇಗೆ ಕೆಲಸ ಮಾಡುತ್ತದೆ ಎಂದು ನೋಡಲು ಜಾರ್ಜ್ ಜೋನ್ಸ್ ಅವರದೇ 'ಹಿ ಸ್ಟಾಪ್ಡ್ ಲವಿಂಗ್ ಹರ್ ಟುಡೇ' ಕೇಳಿ. 1980ರ ಹಾಡು, ಬರೆದವರು ಬಾಬಿ ಬ್ರಾಡಕ್ ಮತ್ತು ಕರ್ಲಿ ಪುಟ್ಮನ್, ಮುದ್ರಿಸಿದವರು ಬಿಲ್ಲಿ ಶೆರಿಲ್. ಸಾಯುವ ತನಕ ನಿನ್ನನ್ನು ಪ್ರೀತಿಸುತ್ತೇನೆ ಎಂದವನೊಬ್ಬ. ಅವಳು ಬಿಟ್ಟುಹೋದಳು. ಅವನು ಅವಳ ಫೋಟೊವನ್ನು ಗೋಡೆಯ ಮೇಲೆ ಉಳಿಸಿಕೊಂಡ, ಹಳೆಯ ಕಾಗದಗಳನ್ನು ಹಾಸಿಗೆಯ ಬಳಿ ಇಟ್ಟುಕೊಂಡ. ಆ ಕಾಗದಗಳ ಮೇಲಿನ ಇಸವಿ 1962 ಎಂದು ಹಾಡು ಹೇಳುತ್ತದೆ, ಅವಳ ಪ್ರೀತಿಯ ಮಾತುಗಳ ಕೆಳಗೆಲ್ಲಾ ಅವನು ಕೆಂಪು ಗೆರೆ ಎಳೆದಿದ್ದ ಎಂದೂ ಹೇಳುತ್ತದೆ. ಇವತ್ತು ಅವನು ಅವಳನ್ನು ಪ್ರೀತಿಸುವುದು ನಿಂತಿತು ಎಂಬಲ್ಲಿಗೆ ಹಾಡು ಬಂದಾಗ ಬಾಗಿಲಿಗೆ ಹೂಮಾಲೆ ತೂಗುಹಾಕಿದ್ದಾರೆ, ಅವನನ್ನು ಇನ್ನೇನು ಹೊತ್ತುಕೊಂಡು ಹೋಗಲಿದ್ದಾರೆ. ಸತ್ತ ಎಂಬ ಮಾತನ್ನು ಹಾಡು ನೇರವಾಗಿ ಆಡುವುದೇ ಇಲ್ಲ. ಆ ಕೆಂಪು ಗೆರೆಯ ಕಾಗದಗಳು ನನ್ನ ಮನಸ್ಸಿನಿಂದ ಹೋಗಿಲ್ಲ. ಇಷ್ಟೊಂದು ಸಾವಿನ ಹಾಡನ್ನು ಯಾರು ಕೊಳ್ಳುತ್ತಾರೆ ಎಂದು ಸ್ವತಃ ಜೋನ್ಸ್ ಅನುಮಾನಪಟ್ಟಿದ್ದರು. ಅದು 1980 ಮತ್ತು 1981, ಎರಡೂ ವರ್ಷ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್‌ನ ವರ್ಷದ ಹಾಡು ಪ್ರಶಸ್ತಿ ಪಡೆಯಿತು.

ಹಳೆಯದರಲ್ಲಿ ಹ್ಯಾಂಕ್ ವಿಲಿಯಮ್ಸ್ ಅವರನ್ನು ತಪ್ಪಿಸಿಕೊಂಡು ಹೋಗುವಂತಿಲ್ಲ. ಅಲಬಾಮಾದ ಹುಡುಗ, ಗಿಟಾರ್ ಕಲಿತದ್ದು ಬೀದಿಯಲ್ಲಿ ಹಾಡುತ್ತಿದ್ದ ಕರಿಯ ಕಲಾವಿದ ರೂಫಸ್ ಪೇಯ್ನ್ ಅವರಿಂದ. 1953ರ ಜನವರಿ 1ರಂದು, ಕಾರ್ಯಕ್ರಮಕ್ಕೆಂದು ಓಹಾಯೊ ಕಡೆ ಹೊರಟಿದ್ದ ಕಾರಿನ ಹಿಂದಿನ ಸೀಟಿನಲ್ಲೇ ಜೀವ ಹೋಯಿತು. ವಯಸ್ಸು 29. 'ಐ ಆ್ಯಮ್ ಸೋ ಲೋನ್‌ಸಮ್ ಐ ಕುಡ್ ಕ್ರೈ' ಹಾಡಿನಲ್ಲಿ ಒಂಟಿತನದ ವಿವರಣೆ ಎಲ್ಲೂ ಇಲ್ಲ. ಒಂದು ರಾತ್ರಿಹಕ್ಕಿ, ನಡುರಾತ್ರಿಯ ರೈಲು, ಮೋಡದ ಹಿಂದೆ ಸರಿದ ಚಂದ್ರ, ಉದುರುವ ನಕ್ಷತ್ರ. ಅಷ್ಟರಲ್ಲೇ ಮುಗಿಯಿತು.

ಹೆಂಗಸರ ದನಿ ಕೇಳಬೇಕೆಂದರೆ 1952ಕ್ಕೆ ಹೋಗಿ. ಗಂಡಸರ ಮನೆ ಹಾಳು ಮಾಡುವವರು ಹೆಂಡದಂಗಡಿಯ ಹೆಂಗಸರು ಎಂದು ಹಾಡಿದ ಹ್ಯಾಂಕ್ ಥಾಂಪ್ಸನ್ ಅವರಿಗೆ ಕಿಟ್ಟಿ ವೆಲ್ಸ್ ಹಾಡಿನಲ್ಲೇ ಜವಾಬು ಕೊಟ್ಟರು: ಅವರನ್ನು ಹಾಗೆ ಮಾಡಿದ್ದು ದೇವರಲ್ಲ, ಮದುವೆಯಾಗಿಯೂ ಬ್ರಹ್ಮಚಾರಿಯಂತೆ ತಿರುಗುವ ಗಂಡಸರು. ಒಬ್ಬ ಗಾಯಕಿ ಒಬ್ಬಳೇ ಹಾಡಿದ ಹಾಡು ಬಿಲ್‌ಬೋರ್ಡ್ ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೆ ಹೋದದ್ದು ಅದೇ ಮೊದಲ ಸಲ. ಕೆಂಟಕಿಯ ಗಣಿ ಕಾರ್ಮಿಕನ ಮಗಳು ಲೊರೆಟ್ಟಾ ಲಿನ್ ಇನ್ನೂ ಮುಂದೆ ಹೋದರು. 15ನೇ ವಯಸ್ಸಿಗೆ ಮದುವೆ, ಚಿಕ್ಕ ವಯಸ್ಸಿನಲ್ಲೇ ನಾಲ್ಕು ಮಕ್ಕಳು. ಗರ್ಭನಿರೋಧಕ ಮಾತ್ರೆ ಸಿಕ್ಕ ಹೆಂಡತಿ ಗಂಡನಿಗೆ ಮುಖಕ್ಕೆ ಹೊಡೆದಂತೆ ಮಾತಾಡುವ 'ದ ಪಿಲ್' ಹಾಡನ್ನು 1975ರಲ್ಲಿ ಹೊರತಂದಾಗ ಹಲವು ರೇಡಿಯೊ ಕೇಂದ್ರಗಳು ಪ್ರಸಾರ ಮಾಡಲು ಒಪ್ಪಲಿಲ್ಲ. ಹಳೆಯ ಕಂಟ್ರಿ ಎಂದರೆ ಹಳೆಯ ನಂಬಿಕೆ ಎಂದುಕೊಂಡವರು ಇದನ್ನು ಕೇಳಲೇಬೇಕು.

ಹಳೆಯದರ ಕೊರತೆಗಳೂ ಇವೆ. 1930ರ ದಶಕದ ಮುದ್ರಣಗಳಲ್ಲಿ ಗರಗರ ಸದ್ದು ಹೆಚ್ಚು, ಹೊಸ ಕಿವಿಗೆ ದಣಿವಾಗುತ್ತದೆ. 60ರ ದಶಕದ ಕೆಲವು ಹಾಡುಗಳಲ್ಲಿ ಪಿಟೀಲು ತಂಡ ಮತ್ತು ಕೋರಸ್ ವಿಪರೀತ. ಗಂಡ ಏನೇ ಮಾಡಲಿ ಜೊತೆಗಿರು ಎನ್ನುವ ಟ್ಯಾಮಿ ವೈನೆಟ್ ಅವರ 'ಸ್ಟ್ಯಾಂಡ್ ಬೈ ಯುವರ್ ಮ್ಯಾನ್' ಕಂಠಕ್ಕಾಗಿ ನನಗೆ ತುಂಬಾ ಇಷ್ಟ, ಮಾತಿಗಾಗಿ ಇಷ್ಟವಿಲ್ಲ.

'ಇದು ಕಂಟ್ರಿಯೇ ಅಲ್ಲ' ಎಂಬ ಹಳೆಯ ದೂರು

ಹೊಸದನ್ನು ತಳ್ಳಿಹಾಕುವ ಮುನ್ನ ಒಂದು ವಿಷಯ ಗೊತ್ತಿರಲಿ. ಈ ದೂರು ಪ್ರತಿ ತಲೆಮಾರಿನಲ್ಲೂ ಎದ್ದಿದೆ. 50ರ ದಶಕದ ಕೊನೆಗೆ ರಾಕ್ ಅಂಡ್ ರೋಲ್ ಹೊಡೆತಕ್ಕೆ ಕಂಟ್ರಿ ತತ್ತರಿಸಿದಾಗ ಚೆಟ್ ಆ್ಯಟ್ಕಿನ್ಸ್, ಓವೆನ್ ಬ್ರಾಡ್ಲಿ ಮುಂತಾದ ನಿರ್ಮಾಪಕರು ಫಿಡಲ್, ಸ್ಟೀಲ್ ಗಿಟಾರ್ ಬದಿಗಿಟ್ಟು ಪಿಯಾನೊ, ಕೋರಸ್ ತಂದರು. ಅದಕ್ಕೆ ನ್ಯಾಶ್‌ವಿಲ್ ಸೌಂಡ್ ಎಂಬ ಹೆಸರು ಬಂತು. ನಮ್ಮ ಹಿರಿಯರು ಮೆಚ್ಚಿದ ಜಿಮ್ ರೀವ್ಸ್ ಆ ಪಂಥದವರೇ: ಜೋರಾಗಿ ಹಾಡುವುದನ್ನು ಬಿಟ್ಟು ಮೈಕಿಗೆ ತುಟಿ ಹಚ್ಚಿದಷ್ಟು ಹತ್ತಿರದಿಂದ, ಕಿವಿಯಲ್ಲಿ ಹೇಳಿದಂತೆ ಹಾಡಿದರು. ಇಂಗ್ಲಿಷ್ ಕಲಿಯುತ್ತಿದ್ದವರಿಗೂ ಒಂದೊಂದು ಅಕ್ಷರ ಬಿಡಿಬಿಡಿಯಾಗಿ ತಿಳಿಯುತ್ತಿತ್ತು. ಅಂದಿನ ಗಟ್ಟಿ ಕೇಳುಗರು ಇದು ಪಾಪ್ ಸಂಗೀತ, ನಮ್ಮದಲ್ಲ ಎಂದು ಸಿಟ್ಟಾದರು. ಇವತ್ತು ಅದು ಕ್ಲಾಸಿಕ್.

'ಕಂಟ್ರಿ ರೋಡ್ಸ್' ಕಥೆ ಇನ್ನೂ ದೊಡ್ಡದು. 1971ರ ಈ ಹಾಡನ್ನು ಜಾನ್ ಡೆನ್ವರ್ ಜೊತೆ ಸೇರಿ ಬರೆದವರು ಬಿಲ್ ಡ್ಯಾನಫ್ ಮತ್ತು ಟ್ಯಾಫಿ ನಿವರ್ಟ್. ಹಾಡಿನ ಹುಟ್ಟಿಗೆ ಕಾರಣವಾದದ್ದು ಮೇರಿಲ್ಯಾಂಡಿನ ಒಂದು ರಸ್ತೆ. ಆದರೂ 2014ರಲ್ಲಿ ವೆಸ್ಟ್ ವರ್ಜೀನಿಯಾ ಅದನ್ನು ತನ್ನ ನಾಡಹಾಡುಗಳಲ್ಲಿ ಒಂದಾಗಿ ಒಪ್ಪಿಕೊಂಡಿತು. 1975ರಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್‌ನ ಅತಿ ದೊಡ್ಡ ಪ್ರಶಸ್ತಿ ಡೆನ್ವರ್ ಅವರಿಗೆ ಬಂದಾಗ ಹೆಸರು ಓದಲು ವೇದಿಕೆಗೆ ಬಂದಿದ್ದ ಚಾರ್ಲಿ ರಿಚ್ ಲೈಟರ್ ತೆಗೆದು ಆ ಚೀಟಿಗೆ ಬೆಂಕಿ ಹಚ್ಚಿದರು. ಪಾಪ್ ಗಾಯಕನಿಗೆ ಕಂಟ್ರಿ ಪ್ರಶಸ್ತಿ ಕೊಟ್ಟದ್ದಕ್ಕೆ ಪ್ರತಿಭಟನೆ ಎಂದೇ ಬಹಳ ಮಂದಿ ಅದನ್ನು ಅರ್ಥಮಾಡಿಕೊಂಡರು. ನಾವು ಇಲ್ಲಿ ಕಂಟ್ರಿ ಎಂದರೆ ಇದೇ ಎಂದು ತಿಳಿದಿರುವ ಹಾಡುಗಾರನ ಪಾಡು ಅಲ್ಲಿ ಹಾಗಿತ್ತು. 2000ನೇ ಇಸವಿಯಲ್ಲಿ ಜಾರ್ಜ್ ಸ್ಟ್ರೇಟ್ ಮತ್ತು ಆ್ಯಲನ್ ಜಾಕ್ಸನ್ ಜೊತೆಯಾಗಿ ಹಾಡಿದ 'ಮರ್ಡರ್ ಆನ್ ಮ್ಯೂಸಿಕ್ ರೋ' (ಮ್ಯೂಸಿಕ್ ರೋ ಎಂದರೆ ನ್ಯಾಶ್‌ವಿಲ್ಲಿನಲ್ಲಿ ಸಂಗೀತ ಕಂಪನಿಗಳಿರುವ ಬೀದಿ) ಕೂಡ ಇದೇ ದೂರು, ಸಂಪ್ರದಾಯವನ್ನು ದುಡ್ಡಿಗಾಗಿ ಕೊಂದರು ಎಂದು.

ಹೊಸದು: ಸೋತದ್ದು ಎಲ್ಲಿ, ಗೆದ್ದದ್ದು ಎಲ್ಲಿ

90ರ ದಶಕದ ದೊಡ್ಡ ಕಂಟ್ರಿಯನ್ನು ನಾನು ಕೀಳಾಗಿ ಕಾಣುವುದಿಲ್ಲ. ಗಾರ್ತ್ ಬ್ರೂಕ್ಸ್ ಅವರ 'ಫ್ರೆಂಡ್ಸ್ ಇನ್ ಲೋ ಪ್ಲೇಸಸ್' ಹಾಡನ್ನು ಸಾವಿರಾರು ಜನ ಒಟ್ಟಿಗೆ ಹಾಡುವುದನ್ನು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಕೆನಡಾದ ಶನಾಯಾ ಟ್ವೇನ್, ರಾಕ್ ಬ್ಯಾಂಡ್‌ಗಳಿಗೆ ಕೆಲಸ ಮಾಡಿದ್ದ ಮಟ್ ಲ್ಯಾಂಗ್ ಅವರೊಂದಿಗೆ ಸೇರಿ 1997ರಲ್ಲಿ ತಂದ 'ಕಮ್ ಆನ್ ಓವರ್' ಜಗತ್ತಿನಾದ್ಯಂತ ಸುಮಾರು 4 ಕೋಟಿ ಪ್ರತಿ ಮಾರಿತು. ಇಂಗ್ಲಿಷ್ ಪಾಪ್ ಕೇಳುವವರಿಗೆ ಕಂಟ್ರಿ ಪರಿಚಯವಾಗಲು ಇದಕ್ಕಿಂತ ಸುಲಭದ ದಾರಿಯಿಲ್ಲ.

ಕೆಟ್ಟದ್ದು ಆಮೇಲೆ. 1996ರ ದೂರಸಂಪರ್ಕ ಕಾಯ್ದೆ ಒಂದೇ ಕಂಪನಿ ದೇಶದಲ್ಲಿ ಎಷ್ಟು ರೇಡಿಯೊ ಕೇಂದ್ರಗಳನ್ನು ಇಟ್ಟುಕೊಳ್ಳಬಹುದು ಎಂಬ ಮಿತಿಯನ್ನು ತೆಗೆದುಹಾಕಿತು. ದೊಡ್ಡ ಕಂಪನಿಗಳು ಊರೂರಿನ ಕೇಂದ್ರಗಳನ್ನು ಕೊಂಡವು, ಎಲ್ಲ ಕಡೆ ಒಂದೇ ಪಟ್ಟಿ ಓಡತೊಡಗಿತು. ಮ್ಯೂಸಿಕ್ ರೋನಲ್ಲಿ ಮೂರು ನಾಲ್ಕು ಜನ ಒಂದು ಕೋಣೆಯಲ್ಲಿ ಕೂತು ರೇಡಿಯೊಗೆ ಒಗ್ಗುವ ಹಾಡು ಕಟ್ಟುವುದು ರೂಢಿಯಾಯಿತು. 2012ರಲ್ಲಿ ಫ್ಲಾರಿಡಾ ಜಾರ್ಜಿಯಾ ಲೈನ್ ಎಂಬ ಗಾಯಕ ಜೋಡಿ ತಂದ 'ಕ್ರೂಸ್' ಕಂಟ್ರಿ ಪಟ್ಟಿಯ ತುದಿಯಲ್ಲಿ 24 ವಾರ ಕೂತಿತು. ಮರುವರ್ಷ ವಿಮರ್ಶಕ ಜೋಡಿ ರೋಸೆನ್ ಇಂಥ ಹಾಡುಗಳಿಗೆ 'ಬ್ರೋ ಕಂಟ್ರಿ' ಎಂದು ಹೆಸರಿಟ್ಟರು. ಪಿಕಪ್ ಟ್ರಕ್ಕು, ಬಿಯರು, ಮಣ್ಣಿನ ರಸ್ತೆ, ತುಂಡು ಜೀನ್ಸ್ ತೊಟ್ಟ ಹುಡುಗಿ. ಆ ಹುಡುಗಿಗೆ ಹೆಸರಿಲ್ಲ, ಅವಳ ಬಾಯಲ್ಲಿ ಒಂದು ಮಾತಿಲ್ಲ. ಲೊರೆಟ್ಟಾ ಲಿನ್ ಹಾಡಿದ ಕಂಟ್ರಿ ಅವಳಿಗೆ ಇಷ್ಟೇ ಜಾಗ ಉಳಿಸಿತೇ ಎಂದು ಬೇಜಾರಾಗುತ್ತದೆ. ಆ ಕಾಲದ ಆರು ಹಿಟ್ ಹಾಡುಗಳನ್ನು ಒಬ್ಬರು ಒಂದರ ಮೇಲೊಂದು ಕೂಡಿಸಿ ಕೇಳಿಸಿದರು, ಹಾಡುಗಳು ಒಂದಕ್ಕೊಂದು ಅಂಟಿಕೊಂಡುಬಿಟ್ಟವು. 2015ರಲ್ಲಿ ರೇಡಿಯೊ ಸಲಹೆಗಾರರೊಬ್ಬರು ಸಾಲಡ್‌ನಲ್ಲಿ ಗಾಯಕಿಯರು ಟೊಮೆಟೊ ಇದ್ದಂತೆ, ಅಲ್ಲೊಂದು ಇಲ್ಲೊಂದು ಇದ್ದರೆ ಸಾಕು ಎಂದು ಬಹಿರಂಗವಾಗಿಯೇ ಹೇಳಿದರು. ಈ ಹಂತದ ರೇಡಿಯೊ ಹಾಡುಗಳನ್ನು ನೀವು ಪೂರ್ತಿ ಬಿಟ್ಟುಬಿಟ್ಟರೂ ನಷ್ಟವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಅದೇ 2015ರ ನವೆಂಬರ್‌ನಲ್ಲಿ ಸ್ಟೇಪಲ್ಟನ್ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್‌ನ ಪ್ರಶಸ್ತಿ ಸಮಾರಂಭದಲ್ಲಿ ಪಾಪ್ ಗಾಯಕ ಜಸ್ಟಿನ್ ಟಿಂಬರ್‌ಲೇಕ್ ಜೊತೆ ಹಾಡಿದರು. ಅಲ್ಲಿಯವರೆಗೆ ಬೇರೆಯವರಿಗೆ ಹಾಡು ಬರೆದುಕೊಡುತ್ತಾ ತೆರೆಮರೆಯಲ್ಲಿದ್ದವರು ಅವರು. ಆ ರಾತ್ರಿಯ ನಂತರ 'ಟ್ರಾವೆಲರ್' ಆಲ್ಬಂ ಒಟ್ಟಾರೆ ಪಟ್ಟಿಯ ತುದಿಗೆ ಹೋಯಿತು. ರೇಡಿಯೊ ಕೊಡದೇ ಇದ್ದದ್ದನ್ನು ಜನ ಹುಡುಕಿಕೊಂಡು ಹೋದರು. ಟೆಕ್ಸಾಸ್‌ನ ಕೇಸಿ ಮಸ್ಗ್ರೇವ್ಸ್ ಅವರ 'ಗೋಲ್ಡನ್ ಅವರ್' 2019ರಲ್ಲಿ ವರ್ಷದ ಆಲ್ಬಂ ಗ್ರ್ಯಾಮಿ ಪಡೆಯಿತು; ನವಿರಾದ, ಬೆಳಕು ತುಂಬಿದ ಸಂಗೀತ. ಕೆಂಟಕಿಯ ಟೈಲರ್ ಚೈಲ್ಡರ್ಸ್ 2017ರ 'ಪರ್ಗಟರಿ'ಯಲ್ಲಿ ತನ್ನ ಬೆಟ್ಟದ ಸೀಮೆಯ ಮಾತಿನ ಧಾಟಿಯನ್ನು ಒಂದಿಷ್ಟೂ ಬಿಟ್ಟುಕೊಡದೆ ಹಾಡಿದರು, ಫಿಡಲ್ ಮತ್ತೆ ಮುಂದಿನ ಸಾಲಿಗೆ ಬಂತು. ಒಕ್ಲಹೋಮಾದ ಝ್ಯಾಕ್ ಬ್ರಯನ್ ನೌಕಾಪಡೆಯಲ್ಲಿದ್ದಾಗಲೇ ಹಾಡು ಮುದ್ರಿಸಿ ಇಂಟರ್‌ನೆಟ್‌ಗೆ ಹಾಕುತ್ತಿದ್ದವರು. 'ಸಮ್ಥಿಂಗ್ ಇನ್ ದ ಆರೆಂಜ್'ನಲ್ಲಿ ದನಿ ಒಡೆದರೆ ಒಡೆಯಲಿ ಎಂದು ಬಿಟ್ಟಿದ್ದಾರೆ. ಇವರಲ್ಲಿ ಜೋನ್ಸ್ ಮತ್ತು ಹ್ಯಾಂಕ್ ಇಬ್ಬರೂ ಉಸಿರಾಡುತ್ತಿದ್ದಾರೆ.

ಹೊಸ ಕಾಲ ತೀರಿಸುತ್ತಿರುವ ಒಂದು ಹಳೆಯ ಬಾಕಿಯನ್ನೂ ಹೇಳಬೇಕು. ಬ್ಯಾಂಜೊ ಆಫ್ರಿಕಾದ ಮೂಲದ್ದು. ಗ್ರ್ಯಾಂಡ್ ಓಲ್ ಆಪ್ರಿ ರೇಡಿಯೊ ಕಾರ್ಯಕ್ರಮದ ಮೊದಲ ತಾರೆಗಳಲ್ಲಿ ಒಬ್ಬರು ಹಾರ್ಮೋನಿಕಾ ನುಡಿಸುತ್ತಿದ್ದ ಡಿಫೋರ್ಡ್ ಬೇಯ್ಲಿ ಎಂಬ ಕರಿಯ ಕಲಾವಿದ. ಕಾರ್ಟರ್ ಕುಟುಂಬಕ್ಕೆ ಊರೂರು ಸುತ್ತಿ ಹಾಡು ಕೂಡಿಸಿಕೊಟ್ಟವರಲ್ಲಿ ಲೆಸ್ಲಿ ರಿಡಲ್ ಎಂಬ ಕರಿಯ ಗಿಟಾರ್ ವಾದಕರೂ ಇದ್ದರು. ಇಷ್ಟಿದ್ದೂ ಕರಿಯ ಗಾಯಕ ಚಾರ್ಲಿ ಪ್ರೈಡ್ ಅವರ ಮೊದಮೊದಲ ರೆಕಾರ್ಡುಗಳನ್ನು ರೇಡಿಯೊಗಳಿಗೆ ಕಳಿಸುವಾಗ ಕಂಪನಿ ಅವರ ಫೋಟೊ ಹಾಕಲಿಲ್ಲ. 2019ರಲ್ಲಿ ಕರಿಯ ರ‍್ಯಾಪ್ ಗಾಯಕ ಲಿಲ್ ನಾಸ್ ಎಕ್ಸ್ ಅವರ 'ಓಲ್ಡ್ ಟೌನ್ ರೋಡ್' ಹಾಡನ್ನು ಬಿಲ್‌ಬೋರ್ಡ್ ಕಂಟ್ರಿ ಪಟ್ಟಿಯಿಂದ ತೆಗೆದುಹಾಕಿತು; ಹಾಡು ಒಟ್ಟಾರೆ ಪಟ್ಟಿಯಲ್ಲಿ 19 ವಾರ ಮೊದಲ ಸ್ಥಾನದಲ್ಲಿ ನಿಂತಿತು. 2024ರಲ್ಲಿ ಕರಿಯ ಪಾಪ್ ತಾರೆ ಬಿಯಾನ್ಸೆ 'ಕೌಬಾಯ್ ಕಾರ್ಟರ್' ತಂದರು, ಮುಂದಿನ ವರ್ಷ ಅದಕ್ಕೆ ವರ್ಷದ ಆಲ್ಬಂ ಗ್ರ್ಯಾಮಿ ಬಂತು.

ಆ ಆಲ್ಬಂನಲ್ಲಿರುವ 'ಜೋಲೀನ್' ಇನ್ನೊಂದು ಒಳ್ಳೆಯ ಜೋಡಿ. ಡಾಲಿ ಪಾರ್ಟನ್ 1973ರಲ್ಲಿ ಹಾಡಿದ್ದು ಅಂಗಲಾಚುವ ಹೆಣ್ಣಿನ ಹಾಡು: ನೀನು ಚೆಲುವೆ, ನಿನಗೆ ಯಾರು ಬೇಕಾದರೂ ಸಿಗುತ್ತಾರೆ, ನನಗೆ ಇವನೊಬ್ಬನೇ, ಬಿಟ್ಟುಬಿಡು. ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ ಕೆಂಗೂದಲ ಹುಡುಗಿಯೊಬ್ಬಳು ತನ್ನ ಗಂಡನ ಮೇಲೆ ಕಣ್ಣಿಟ್ಟಿದ್ದಳೆಂದು ಡಾಲಿಯವರೇ ಹೇಳಿಕೊಂಡಿದ್ದಾರೆ. ಬಿಯಾನ್ಸೆ ಅದೇ ರಾಗದಲ್ಲಿ ಬೇಡಿಕೆಯನ್ನು ಎಚ್ಚರಿಕೆಯಾಗಿ ತಿರುಗಿಸಿದ್ದಾರೆ. ಕೇಳಲು ಖುಷಿ. ಆದರೂ ನನಗೆ ಡಾಲಿಯವರದೇ ಹೆಚ್ಚು ಧೈರ್ಯದ ಹಾಡು ಎನಿಸುತ್ತದೆ. ಎದುರಾಳಿಯ ಮುಂದೆ ತನ್ನ ಭಯವನ್ನು ಹಾಗೇ ಬಿಚ್ಚಿಡುವುದಕ್ಕೆ ಗುಂಡಿಗೆ ಬೇಕು.

ನೀವು ಯಾರು ಎಂಬುದರ ಮೇಲೆ

ಸುಗಮ ಸಂಗೀತ ಕೇಳುವವರು, ಸಾಹಿತ್ಯಕ್ಕೆ ಮೊದಲು ಕಿವಿ ಕೊಡುವವರು ಹಳೆಯದರಿಂದಲೇ ಶುರು ಮಾಡಿ: ಹ್ಯಾಂಕ್ ವಿಲಿಯಮ್ಸ್, ಡಾಲಿ ಪಾರ್ಟನ್, ಮರ್ಲ್ ಹ್ಯಾಗರ್ಡ್. ಹ್ಯಾಗರ್ಡ್ ಸ್ಯಾನ್ ಕ್ವೆಂಟಿನ್ ಜೈಲಿನಲ್ಲಿ ಕೈದಿಯಾಗಿದ್ದಾಗ ಅಲ್ಲಿ ಹಾಡಲು ಬಂದ ಜಾನಿ ಕ್ಯಾಶ್ ಅವರನ್ನು ಕಂಡವರು. ತಾಯಿ ತಿದ್ದಲು ನೋಡಿದಳು, ತಾನೇ ಕೆಟ್ಟೆ ಎನ್ನುವ 'ಮಾಮಾ ಟ್ರೈಡ್' ಎರಡೂಕಾಲು ನಿಮಿಷದಷ್ಟೇ ಇರುವ ಹಾಡು.

ಹಳೆಯ ಸಿನಿಮಾ ಹಾಡುಗಳ ಇಂಪು ಬೇಕೆನ್ನುವವರಿಗೆ ಪ್ಯಾಟ್ಸಿ ಕ್ಲೈನ್. ವಿಲ್ಲಿ ನೆಲ್ಸನ್ ಬರೆದ 'ಕ್ರೇಜಿ'ಯನ್ನು 1961ರಲ್ಲಿ ಮುದ್ರಿಸುವಾಗ ಅವರು ಕಾರು ಅಪಘಾತದಿಂದ ಇನ್ನೂ ಚೇತರಿಸಿಕೊಳ್ಳುತ್ತಿದ್ದರು. ಪಕ್ಕೆಲುಬಿನ ನೋವಿಗೆ ಮೇಲಿನ ಸ್ವರ ಹತ್ತಲಾಗದೆ ಆ ದಿನ ಬಿಟ್ಟು ಇನ್ನೊಂದು ದಿನ ಬಂದು ಹಾಡಿದರು. ಆ ಸ್ವರಗಳಲ್ಲಿ ನೋವಿನ ಸುಳಿವೇ ಇಲ್ಲ.

ರಾಕ್ ಕೇಳಿ ಬೆಳೆದವರು ಕ್ಯಾಶ್ ಅವರ 1968ರ 'ಆ್ಯಟ್ ಫೋಲ್ಸಮ್ ಪ್ರಿಸನ್' ಹಾಕಿ. ಕೈದಿಗಳ ಮುಂದೆ ನಿಂತು ಹಾಡಿದ ನೇರ ಮುದ್ರಣ, ಜೈಲಿನ ಧ್ವನಿವರ್ಧಕದ ಪ್ರಕಟಣೆಗಳೂ ಅದರಲ್ಲಿವೆ. ಅಲ್ಲಿಂದ ವೇಲನ್ ಜೆನಿಂಗ್ಸ್, ಅಲ್ಲಿಂದ ನೇರ ಸ್ಟೇಪಲ್ಟನ್. ದೂರದ ಡ್ರೈವ್‌ಗೆ, ಮಕ್ಕಳೂ ಜೊತೆಗಿದ್ದರೆ, ಶನಾಯಾ ಟ್ವೇನ್ ಮತ್ತು ಕೇಸಿ ಮಸ್ಗ್ರೇವ್ಸ್. ಇಪ್ಪತ್ತರ ಹರೆಯದವರಿಗೆ ಝ್ಯಾಕ್ ಬ್ರಯನ್ ಕೊಟ್ಟು ಸುಮ್ಮನಿರಿ, ಮುಂದಿನ ದಾರಿ ಅವರೇ ಕಂಡುಕೊಳ್ಳುತ್ತಾರೆ.

ಆ್ಯಪ್‌ಗಳಲ್ಲಿ ಕೇಳುವವರಿಗೆ ಎರಡು ಎಚ್ಚರಿಕೆ. ಹಳೆಯ ಗಾಯಕರಲ್ಲಿ ಅನೇಕರು ತಮ್ಮ ಜನಪ್ರಿಯ ಹಾಡುಗಳನ್ನು ವಯಸ್ಸಾದ ಮೇಲೆ ಬೇರೆ ಕಂಪನಿಗಳಿಗೆ ಮತ್ತೆ ಹಾಡಿಕೊಟ್ಟಿದ್ದಾರೆ. ಹುಡುಕಿದಾಗ ಮೊದಲು ಬರುವುದು ಹಲವು ಸಲ ಆ ಮರುಮುದ್ರಣ, ಅಗ್ಗದ ಸಿಂಥಸೈಜರ್ ಹಿನ್ನೆಲೆಯೊಂದಿಗೆ. ಅದನ್ನು ಕೇಳಿ ಹಳೆಯದು ಇಷ್ಟೇ ಎಂದುಕೊಂಡವರನ್ನು ನೋಡಿದ್ದೇನೆ. ಆಲ್ಬಂ ಹೆಸರು, ಇಸವಿ, ಕಂಪನಿ ನೋಡಿ, ಮೂಲ ಮುದ್ರಣವನ್ನೇ ಆರಿಸಿ. ಇನ್ನೊಂದು, ಗಾರ್ತ್ ಬ್ರೂಕ್ಸ್ ಹಾಡುಗಳನ್ನು ಸ್ಪಾಟಿಫೈನಲ್ಲಿ ಹುಡುಕಿ ಬೇಸರಪಡಬೇಡಿ. 2016ರಲ್ಲಿ ಅವರು ಅಮೆಜಾನ್ ಮ್ಯೂಸಿಕ್ ಜೊತೆ ಒಪ್ಪಂದ ಮಾಡಿಕೊಂಡರು, ಅಲ್ಲಿ ನೋಡಿ.

ಒಂದು ಸಂಜೆಯಷ್ಟೇ ಸಮಯವಿದ್ದರೆ ನಾನು ಹಾಕಿಕೊಡುವ ಸಾಲು ಇದು: ಹ್ಯಾಂಕ್ ಅವರ ಒಂಟಿತನದ ಹಾಡು, ಕಿಟ್ಟಿ ವೆಲ್ಸ್ ಜವಾಬು, ಪ್ಯಾಟ್ಸಿಯ 'ಕ್ರೇಜಿ', ಡಾಲಿಯ 'ಜೋಲೀನ್', ಜೋನ್ಸ್ ಅವರ ಕೆಂಪು ಗೆರೆಯ ಕಾಗದಗಳು, ಆಮೇಲೆ ಸ್ಟೇಪಲ್ಟನ್, ಚೈಲ್ಡರ್ಸ್. ಕೊನೆಗೆ 'ಫಾಸ್ಟ್ ಕಾರ್'. ಟ್ರೇಸಿ ಚಾಪ್ಮನ್ 1988ರಲ್ಲಿ ಬರೆದು ಹಾಡಿದ ಈ ಹಾಡು ಆಗ ಕಂಟ್ರಿ ಎನಿಸಿಕೊಂಡಿರಲಿಲ್ಲ. ಬಡತನದಿಂದ ತಪ್ಪಿಸಿಕೊಳ್ಳಲು ಕಾರು ಹತ್ತಿದ ಹುಡುಗಿ, ಕುಡುಕ ತಂದೆ, ಅಂಗಡಿಯ ಕೌಂಟರಿನ ಕೆಲಸ: ಬ್ರಿಸ್ಟಲ್ ಕಾಲದ ಮನೆ ಮತ್ತು ದಾರಿ ಎರಡೂ ಇದರಲ್ಲಿವೆ. 2023ರಲ್ಲಿ ಲ್ಯೂಕ್ ಕೂಂಬ್ಸ್ ಅದನ್ನು ತನಗೆ ಬೇಕಾದಂತೆ ತಿರುಚದೆ, ಕೌಂಟರಿನ ಹುಡುಗಿಯನ್ನು ಹುಡುಗಿಯಾಗಿಯೇ ಉಳಿಸಿ ಹಾಡಿದರು. ಆ ವರ್ಷದ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ ಹಾಡು ಪ್ರಶಸ್ತಿ ಬರೆದವರಿಗೆ, ಅಂದರೆ ಚಾಪ್ಮನ್ ಅವರಿಗೆ, ಬಂತು. ಕರಿಯ ಲೇಖಕಿಯೊಬ್ಬರಿಗೆ ಅದು ಬಂದದ್ದು ಅದೇ ಮೊದಲು. ಮೊದಲು ಚಾಪ್ಮನ್ ಹಾಡಿದ್ದನ್ನು ಕೇಳಿ, ನಂತರ ಕೂಂಬ್ಸ್, ಆಮೇಲೆ 2024ರ ಗ್ರ್ಯಾಮಿ ವೇದಿಕೆಯಲ್ಲಿ ಇಬ್ಬರೂ ಜೊತೆಯಾಗಿ ಹಾಡಿದ್ದನ್ನು ನೋಡಿ.